ಮಂತ್ರವೂ ಮಾತೂ

ಮುಂಬಯಿಯ ವಿಲೆ ಪಾರ್ಲೆಯ ಪೂರ್ವಭಾಗದಲ್ಲಿ, ರೈಲ್ವೆ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯಷ್ಟು ದೂರದ ಹಳೆಯ ಕಟ್ಟಡವೊಂದರಲ್ಲಿ ನಮ್ಮ ಎದುರು ಬಾಗಿಲಿನವರಾಗಿದ್ದ ವೃದ್ಧರೊಬ್ಬರು, ಮಿದುಳಿನ ರಕ್ತನಾಳ ಕಟ್ಟಿಕೊಂಡುದರಿಂದ ಬಲಗೈ ಬಲಗಾಲುಗಳ ಸ್ವಾಧೀನವನ್ನೂ ಅವುಗಳೊಡನೆ ಮಾತನ್ನೂ ಕಳೆದುಕೊಂಡು, ಮೂರು ವಾರಗಳ ಆಸ್ಪತ್ರೆವಾಸವನ್ನು ಮುಗಿಸಿ ಮನೆಗೆ ಮರಳಿದ ದಿನ, ನಾನು ಅವರನ್ನು ಕಾಣಲು ಹೋಗಿದ್ದೆನು. ಬಾಯಾರಿಕೆಯೇ ಎಂದು ಸೊಸೆ ಕೇಳಿದಳು. ಅವರ ತುಟಿ ಅದುರಿತು. ನೀರೆಂಬುದರ ನೆರಳಿನಂಥ ಸದ್ದೊಂದು ಹೊರಟು, ದಾರಿತಪ್ಪಿ, ‘ತೆ, ತೆ’ ಎಂದು ಮುಗ್ಗರಿಸಿ ನಿಂತುಹೋಯಿತು. ಬೇಕಾದುದೇನೆಂಬುದನ್ನು ಅವರು ಚೆನ್ನಾಗಿ ಬಲ್ಲರು, ಅದರ ಹೆಸರು ಮಾತ್ರ ಕೈಗೆ ಸಿಕ್ಕದು ಎಂಬುದು ಅವರ ಕಣ್ಣಿನಲ್ಲಿಯೇ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಸಂಜೆಯ ದೀಪ ಹಚ್ಚಿದ ಆಕೆ, ಆ ಮನೆಯ ವಾಡಿಕೆಯಂತೆ, ಮಧ್ವಾಚಾರ್ಯರ ದ್ವಾದಶಸ್ತೋತ್ರವನ್ನು ಮೆಲುದನಿಯಲ್ಲಿ ತೊಡಗಿದಳು. ಎರಡನೆಯ ಶ್ಲೋಕಕ್ಕೆ ಮಂಚದ ಕಡೆಯಿಂದ ಇನ್ನೊಂದು ಕಂಠ ಸೇರಿತು. ಹ್ರಸ್ವದೀರ್ಘಗಳು ಕೆಡದೆ, ಮಹಾಪ್ರಾಣಗಳು ಸವೆಯದೆ, ನಾಲಗೆ ತೊಡರುವಂಥ ಸಮಾಸಗಳೆಲ್ಲ ನೀರಿನಂತೆ ಹರಿದುವು. ಸ್ತೋತ್ರ ಮುಗಿಯಿತು, ಅದರೊಡನೆ ಅವರ ನಾಲಗೆಯ ಬಾಗಿಲೂ ಮುಚ್ಚಿತು. ನೀರು ಎಂಬ ಎರಡಕ್ಷರ ಆ ರಾತ್ರಿ ಬರಲೇ ಇಲ್ಲ.

ಈ ವೃದ್ಧರ ಬಾಳಿನಲ್ಲಿ ನುಡಿಗೆ ಬರವೆಂಬುದು ಎಂದೂ ಇದ್ದುದಿಲ್ಲ. ಉಡುಪಿಯ ಕಡೆಯ ಹಳ್ಳಿಯಿಂದ ಎಳೆಯ ಪ್ರಾಯದಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡದ ರಾತ್ರಿಶಾಲೆಯಲ್ಲಿ ಕಲಿತ ಅಸಂಖ್ಯ ಬಾಲಕರಲ್ಲಿ ಅವರೂ ಒಬ್ಬರು. ಮನೆಯೊಳಗೆ ತುಳು, ಪತ್ರಕ್ಕೂ ಪತ್ರಿಕೆಗೂ ಕನ್ನಡ, ಗಲ್ಲಾಪೆಟ್ಟಿಗೆಯ ಮುಂದೆ ಮರಾಠಿ, ದಿನಸಿಯ ವ್ಯಾಪಾರಿಯೊಡನೆ ಗುಜರಾತಿ, ಟ್ಯಾಕ್ಸಿಯವನೊಡನೆ ಹಿಂದಿ, ದೇವರ ಮುಂದೆ ಸಂಸ್ಕೃತ: ಹೀಗೆ ಆರು ನುಡಿಗಳನ್ನು ಆರು ಜೇಬುಗಳಲ್ಲಿಟ್ಟುಕೊಂಡಂತೆ, ಬೇಕಾದಾಗ ಬೇಕಾದುದನ್ನು ತೆಗೆದು ವೆಚ್ಚಮಾಡುತ್ತಿದ್ದರು. ಪಾರ್ಲೆಯಲ್ಲಿ ಇದೇನೂ ಅತಿಶಯವಲ್ಲ. ಲೋಕಲ್ ಗಾಡಿ ನಿಲ್ದಾಣವನ್ನು ಸಮೀಪಿಸುವಾಗ ಊರಿನ ಹೆಸರೊಂದೇ ‘ಪುಢೀಲ್ ಸ್ಟೇಶನ್’, ‘ಅಗ್ಲಾ ಸ್ಟೇಶನ್’, ‘ನೆಕ್ಸ್ಟ್ ಸ್ಟೇಶನ್’ ಎಂಬ ಮೂರು ಪೀಠಿಕೆಗಳೊಡನೆ ಮೂರು ಸಲ ಕೇಳಿಬರುವ ಊರಿದು. 1929ರಲ್ಲಿ ಆರಂಭವಾಗಿ 2016ರಲ್ಲಿ ಬಾಗಿಲು ಮುಚ್ಚಿದ ಬಿಸ್ಕತ್ತಿನ ಕಾರ್ಖಾನೆಯಿಂದ ಬರುತ್ತಿದ್ದ ಬೆಂದ ಹಿಟ್ಟಿನ ಕಂಪಿಗೆ ಮಾತ್ರ ಇಲ್ಲಿ ಯಾವ ಭಾಷಾಂತರವೂ ಬೇಕಾಗಿರಲಿಲ್ಲ. ಇಂಥ ಊರಿನಲ್ಲಿ ಎಪ್ಪತ್ತು ವರ್ಷ ಆರು ನುಡಿಗಳನ್ನಾಡಿದ ಬಾಯಲ್ಲಿ ಕೊನೆಗೆ ಸ್ತೋತ್ರವೊಂದೇ ಉಳಿಯಿತೆಂದರೆ, ಆ ಉಳಿದುದನ್ನು ಮಾತೆಂದು ಕರೆಯಬೇಕೆ, ಅಲ್ಲವೆ ಎಂಬ ಪ್ರಶ್ನೆ ಆ ಸಂಜೆ ನನ್ನ ಬೆನ್ನು ಹತ್ತಿತು.

ವೈದ್ಯರಿಗೆ ಈ ಸಂಗತಿ ಹೊಸದಲ್ಲ. 1861ರ ಏಪ್ರಿಲಿನಲ್ಲಿ ಪ್ಯಾರಿಸಿನ ಸಮೀಪದ ಬಿಸೇತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ಯ ಎಂಬ ರೋಗಿ ತೀರಿಕೊಂಡನು. ಏನನ್ನು ಕೇಳಿದರೂ ‘ತಾನ್, ತಾನ್’ ಎಂದಷ್ಟೇ ಉತ್ತರಿಸುತ್ತಿದ್ದುದರಿಂದ ಆಸ್ಪತ್ರೆಯಲ್ಲಿ ಅದೇ ಅವನ ಹೆಸರಾಗಿತ್ತು. ಶಸ್ತ್ರವೈದ್ಯನಾದ ಪಾಲ್ ಬ್ರೋಕಾ ಅವನ ಮಿದುಳನ್ನು ತೆಗೆದು ನೋಡಿ, ಎಡಭಾಗದ ಮುಂಗಡೆಯ ಮಡಿಕೆಯೊಂದು ಕೊಳೆತಿದ್ದುದನ್ನು ಮರುದಿನವೇ ವಿದ್ವತ್ಸಭೆಯ ಮುಂದಿಟ್ಟನು. ಮಾತಿಗೆ ಮಿದುಳಿನಲ್ಲಿ ಒಂದು ನೆಲೆಯುಂಟೆಂಬ ವಿಚಾರಕ್ಕೆ ಅಂದಿನಿಂದ ಬಲಬಂದಿತು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಆದರೆ ಆ ರೋಗಿಯ ವಿಷಯದಲ್ಲಿ ಬ್ರೋಕಾ ಇನ್ನೊಂದು ಮಾತನ್ನೂ ಬರೆದಿಟ್ಟಿದ್ದಾನೆ: ತನ್ನ ಇಂಗಿತ ಯಾರಿಗೂ ತಿಳಿಯದೆ ಹೋದಾಗ ಅವನಿಗೆ ಕೋಪ ಬರುತ್ತಿತ್ತು, ಆ ಕೋಪದಲ್ಲಿ ಮಾತ್ರ ದೇವರ ಹೆಸರೆತ್ತಿ ಆಣೆಯಿಡುವ ಫ್ರೆಂಚರ ಬೈಗುಳೊಂದು ಅವನ ಬಾಯಿಂದ ಇಡಿಯಾಗಿ ಹೊರಬೀಳುತ್ತಿತ್ತು. 1870ರ ದಶಕದಲ್ಲಿ ಲಂಡನ್ನಿನ ವೈದ್ಯ ಹ್ಯೂಲಿಂಗ್ಸ್ ಜ್ಯಾಕ್ಸನ್ ಇಂಥ ಅನೇಕ ರೋಗಿಗಳನ್ನು ನೋಡಿ, ಮಾತಿನಲ್ಲಿ ಎರಡು ಬಗೆಯುಂಟೆಂದು ಹೇಳಿದನು. ಆ ಕ್ಷಣಕ್ಕೆ ಬೇಕಾದುದನ್ನು ಹೊಸದಾಗಿ ಹೂಡಿ ಹೇಳುವ ಮಾತು ಒಂದು. ಬೈಗುಳು, ಎಣಿಕೆ, ಪ್ರಾರ್ಥನೆ ಮೊದಲಾದ, ಇಡಿಯಾಗಿ ಕಂಠಸ್ಥವಾಗಿ ತಾನಾಗಿಯೇ ಹೊರಳಿಬರುವ ಮಾತು ಇನ್ನೊಂದು. ಎಡಮಿದುಳಿಗೆ ಪೆಟ್ಟುಬಿದ್ದಾಗ ಮೊದಲನೆಯದು ಅಳಿದರೂ ಎರಡನೆಯದು ಎಷ್ಟೋ ಸಲ ಉಳಿಯುತ್ತದೆ. ಮಿದುಳಿನ ದೃಷ್ಟಿಯಿಂದ ಬೈಗುಳೂ ಪ್ರಾರ್ಥನೆಯೂ ಒಂದೇ ಕೋಣೆಯ ಸರಕುಗಳು! ಭಕ್ತನಿಗೆ ಇದು ಸ್ವಲ್ಪ ಇರಿಸುಮುರಿಸಿನ ಸಂಗತಿಯೇ ಸರಿ.

ಆ ಮನೆಯಲ್ಲಿ ನಾನು ಕಂಡ ಇನ್ನೊಂದು ಸಂಗತಿಯೂ ಇಲ್ಲಿ ಹೇಳತಕ್ಕದ್ದು. ಆ ತಿಂಗಳ ಕೊನೆಯಲ್ಲಿ ಹಾಲಿನವನು ತನ್ನ ಲೆಕ್ಕದ ಚೀಟಿಯನ್ನು ತಂದುಕೊಟ್ಟನು. ಸೊಸೆ ಅದನ್ನು ನೋಡದೆ ಹಣ ಎಣಿಸುತ್ತಿದ್ದಾಗ, ವೃದ್ಧರು ಎಡಗೈ ಚಾಚಿ ಚೀಟಿಯನ್ನು ತರಿಸಿಕೊಂಡು, ಒಂದು ಸಾಲಿನ ಮೇಲೆ ಬೆರಳಿಟ್ಟು, ತಲೆಯನ್ನು ಅಡ್ಡಡ್ಡವಾಗಿ ಆಡಿಸಿದರು. ಮನೆಯಲ್ಲಿ ಯಾರೂ ಇಲ್ಲದ ಎರಡು ದಿನಗಳ ಹಾಲು ಲೆಕ್ಕಕ್ಕೆ ಸೇರಿಹೋಗಿತ್ತು. ಐದನೆಯ ಶತಮಾನದ ಆಸುಪಾಸಿನಲ್ಲಿದ್ದ ವೈಯಾಕರಣ ಭರ್ತೃಹರಿಯು, ಶಬ್ದದ ಸೋಂಕಿಲ್ಲದ ಅರಿವು ಲೋಕದಲ್ಲಿ ಇಲ್ಲವೇ ಇಲ್ಲವೆಂದು ಸಾರಿದವನು. ಅವನು ಈ ಬೆರಳನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಹೊರಗೆ ಬಾರದ ಸೂಕ್ಷ್ಮಶಬ್ದವೊಂದು ಒಳಗೆ ಇದ್ದೇ ಇತ್ತೆಂದು ಪ್ರಾಯಶಃ ವಾದಿಸುತ್ತಿದ್ದನು; ಕಿವಿಗೆ ಕೇಳುವ ಮಾತಾದ ವೈಖರಿ ಅಳಿದರೂ ಅದರ ಒಳಮೆಟ್ಟಿಲುಗಳಾದ ಮಧ್ಯಮೆಯೂ ಪಶ್ಯಂತಿಯೂ ಉಳಿಯಬಹುದೆನ್ನುವ ಅವಕಾಶ ಅವನ ದರ್ಶನದಲ್ಲಿ ಉಂಟು. ಆದರೆ ವ್ಯಾಕರಣಜ್ಞಾನವೇ ಕೆಟ್ಟುಹೋಗಿ ವಾಕ್ಯದ ಅರ್ಥವನ್ನು ಬಿಡಿಸಲಾರದ ರೋಗಿಗಳು ಕೂಡ ಕೂಡುವ ಕಳೆಯುವ ಲೆಕ್ಕಗಳನ್ನು ಸರಿಯಾಗಿ ಮಾಡಬಲ್ಲರೆಂದು ಈಚಿನ ಶೋಧಕರು ತೋರಿಸಿರುವುದರಿಂದ, ವಿಚಾರವೂ ಭಾಷೆಯೂ ಒಂದೇ ಬಟ್ಟೆಯ ಎರಡು ಮೈಗಳೆಂಬ ಹಳೆಯ ನಂಬಿಕೆಯನ್ನು ನಾವು ಸಡಿಲಿಸಬೇಕಾಗಿದೆ. ನನ್ನ ನೆರೆಯವರಲ್ಲಿ ವಿಚಾರ ಉಳಿದಿತ್ತು, ಶಬ್ದರೂಪವೂ ಉಳಿದಿತ್ತು. ಮುರಿದುಬಿದ್ದದ್ದು ಅವೆರಡರ ನಡುವಣ ಸೇತುವೆ. ಭಾಷೆಯೆಂದರೆ ಆ ಸೇತುವೆಯೇ.

ಸೇತುವೆ ಮುರಿದಮೇಲೆ ಉಳಿದ ಮಂತ್ರಕ್ಕೆ ಅರ್ಥವುಂಟೇ ಎಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನರೇ ಎತ್ತಿದ್ದಾರೆಂಬುದು ನಾವು ಹೆಮ್ಮೆಪಡಬೇಕಾದ ವಿಷಯ. ಯಾಸ್ಕನ ನಿರುಕ್ತದಲ್ಲಿ ಕೌತ್ಸನೆಂಬ ಪೂರ್ವಪಕ್ಷಿಯೊಬ್ಬನು ಬರುತ್ತಾನೆ. ಮಂತ್ರಗಳಿಗೆ ಅರ್ಥವೇ ಇಲ್ಲವೆಂಬುದು ಅವನ ಪಕ್ಷ. ಅವನು ಒಡ್ಡುವ ಕಾರಣಗಳಲ್ಲಿ ಮುಖ್ಯವಾದುದು, ಮಂತ್ರದ ಪದಗಳೂ ಅವುಗಳ ಅನುಕ್ರಮವೂ ಕೀಲಿಸಿಟ್ಟಂತೆ ಇರುವುವು ಎಂಬುದು. ಲೋಕದ ಮಾತಿನಲ್ಲಿ ‘ನೀರು ಕೊಡು’ ಎಂಬುದನ್ನು ‘ಕೊಡು ನೀರು’ ಎಂದು ತಿರುಗಿಸಬಹುದು, ನೀರಿನ ಬದಲು ಜಲವೆನ್ನಬಹುದು. ಮಂತ್ರದಲ್ಲಿ ಅಗ್ನಿಯನ್ನು ತೆಗೆದು ಅದೇ ಅರ್ಥದ ಬೇರೊಂದು ಪದವನ್ನಿಟ್ಟರೆ ಮಂತ್ರ ಕೆಟ್ಟಿತು. ಲೋಕದಲ್ಲಿ ಆಡುವ ಪದಗಳೇ ಮಂತ್ರದಲ್ಲಿಯೂ ಇರುವುದರಿಂದ ಅವು ಅರ್ಥವುಳ್ಳವೇ ಎಂದು ಯಾಸ್ಕನು ಮರುನುಡಿದನು. ಕೌತ್ಸನು ಮಂತ್ರದಲ್ಲಿ ಕಂಡ ಲಕ್ಷಣವೂ ಜ್ಯಾಕ್ಸನ್ ತನ್ನ ರೋಗಿಗಳ ಪ್ರಾರ್ಥನೆಯಲ್ಲಿ ಕಂಡ ಲಕ್ಷಣವೂ ಒಂದೇ ಎಂಬುದನ್ನು ಗಮನಿಸಿದಾಗ, ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರದಲ್ಲಿ ಇಬ್ಬರು ಅಪರಿಚಿತರು ಒಂದೇ ಕಂಬವನ್ನು ಎರಡು ಕಡೆಗಳಿಂದ ಮುಟ್ಟಿದಂತೆ ತೋರುತ್ತದೆ.

ಕೌತ್ಸನ ಪಕ್ಷಕ್ಕೆ ನಮ್ಮ ಕಾಲದಲ್ಲಿ ಒಬ್ಬ ಸಮರ್ಥನಾದ ವಕೀಲನು ದೊರೆತನು. ಹಾಲೆಂಡಿನಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕನಾಗಿದ್ದ ಫ್ರಿಟ್ಸ್ ಸ್ಟಾಲ್ ಎಂಬ ಪಂಡಿತನು 1975ರಲ್ಲಿ ಕೇರಳದ ಪಾಂಜಾಳದಲ್ಲಿ ನಂಬೂದಿರಿಗಳು ನಡೆಸಿದ ಅಗ್ನಿಚಯನವೆಂಬ ವೈದಿಕ ಯಜ್ಞವನ್ನು ಮೊದಲಿನಿಂದ ಕೊನೆಯವರೆಗೆ ಕಂಡು, ಚಿತ್ರೀಕರಿಸಿ, ವಿವರವಾಗಿ ಬರೆದವನು. ಅವನ ಸಿದ್ಧಾಂತದಂತೆ ಮಂತ್ರವು ಭಾಷೆಯ ಜಾತಿಯದೇ ಅಲ್ಲ. ಅದು ಹಕ್ಕಿಯ ಹಾಡಿನ ಜಾತಿಯದು. ಅದಕ್ಕೆ ನಿಯಮವುಂಟು, ಅರ್ಥವಿಲ್ಲ. ಮಾನವನ ವಿಕಾಸದಲ್ಲಿ ಮೊದಲು ಹುಟ್ಟಿದುದು ಮಂತ್ರ, ಅನಂತರ ಅದರೊಳಗೆ ಅರ್ಥ ಬಂದು ಸೇರಿ ಮಾತಾಯಿತು. ಡಾರ್ವಿನ್ ಕೂಡ 1871ರ ತನ್ನ ಗ್ರಂಥದಲ್ಲಿ, ನಮ್ಮ ಪೂರ್ವಜರು ಮಾತನಾಡುವ ಮೊದಲು ಹಾಡುತ್ತಿದ್ದಿರಬಹುದೆಂದು ಊಹಿಸಿದ್ದನು. ಇಂಥ ಊಹೆಗಳು ಕಡಿವಾಣವಿಲ್ಲದೆ ಹಬ್ಬುವುದನ್ನು ಕಂಡು ಬೇಸತ್ತೋ ಏನೋ, ಪ್ಯಾರಿಸಿನ ಭಾಷಾಶಾಸ್ತ್ರ ಸಂಘವು ಅದಕ್ಕೂ ಐದು ವರ್ಷ ಮೊದಲೇ, 1866ರಲ್ಲಿ, ಭಾಷೆಯ ಹುಟ್ಟನ್ನು ಕುರಿತ ಲೇಖನಗಳನ್ನು ತಾನು ಸ್ವೀಕರಿಸುವುದಿಲ್ಲವೆಂದು ತನ್ನ ನಿಯಮಾವಳಿಯಲ್ಲಿಯೇ ಬರೆದುಕೊಂಡಿತ್ತು. ಮೂಳೆ ಕಲ್ಲಾಗಿ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಆದಕಾರಣ ಆ ಸಂಘದ ಬೇಸರ ಅಕಾರಣವಾದುದೇನೂ ಅಲ್ಲ. ಆದರೂ ಹುಟ್ಟನ್ನು ಕಾಣಲು ನಮಗೆ ಒಂದು ಕಿಟಕಿ ಉಂಟು. ಅದು ಮನೆಮನೆಯ ತೊಟ್ಟಿಲು.

ಆ ಮನೆಯಲ್ಲಿ ತೊಟ್ಟಿಲು ದಾಟಿದ ಮೊಮ್ಮಗಳೊಬ್ಬಳಿದ್ದಳು. ಅಜ್ಜನ ಬಾಯಿಂದ ಮಾತು ಹೊರಟುಹೋದ ವರ್ಷದಲ್ಲಿಯೇ ಅವಳ ಬಾಯಿಗೆ ಮಾತು ಬರುತ್ತಿತ್ತು. ಆರೇಳು ತಿಂಗಳ ಮಗು ‘ಬಬಬ’, ‘ದದದ’ ಎಂದು ತೊದಲುವುದನ್ನು ಕಂಡೇ ಇರಬೇಕು ಭರ್ತೃಹರಿಯು, ನಾಲಗೆಯನ್ನು ಎಲ್ಲಿಡಬೇಕು, ಉಸಿರನ್ನು ಹೇಗೆ ಮೇಲೆತ್ತಬೇಕು ಎಂಬುದನ್ನು ಯಾರೂ ಕಲಿಸದೆಯೇ ಶಿಶು ಬಲ್ಲುದಾದುದರಿಂದ ಅದಕ್ಕೆ ಶಬ್ದದ ಪ್ರಾಕ್ತನ ಸಂಸ್ಕಾರವಿರಲೇಬೇಕೆಂದು ವಾದಿಸಿದ್ದು. ಅವನು ಪೂರ್ವಜನ್ಮವೆಂದುದನ್ನು ನಾವು ವಂಶವಾಹಿನಿಯೆಂದು ಕರೆಯುತ್ತೇವೆ. ಮಗು ಬರಿಗೈಯಲ್ಲಿ ಬರುವುದಿಲ್ಲವೆಂಬ ಮಾತು ಎರಡು ಪಕ್ಷಕ್ಕೂ ಸಮ್ಮತವಾದುದು. ಆದರೆ ಅದು ತಂದದ್ದು ಬೀಜ ಮಾತ್ರ. ಮನುಷ್ಯಶಿಶುವಿನ ಮಿದುಳು ಹುಟ್ಟಿದಾಗ ಪ್ರೌಢರ ಮಿದುಳಿನ ಮೂರರಲ್ಲೊಂದು ಪಾಲಿನಷ್ಟೂ ಇರುವುದಿಲ್ಲ. ಉಳಿದ ಬೆಳವಣಿಗೆಯೆಲ್ಲ ಆಗುವುದು ಜನರ ನಡುವೆ, ಜನರ ಮಾತಿನ ನಡುವೆ. 1984ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಆರು ತಿಂಗಳ ಕೂಸುಗಳು ಹಿಂದಿಯ ತಕಾರ ಟಕಾರಗಳ ಭೇದವನ್ನು ಸಲೀಸಾಗಿ ಗುರುತಿಸಿದುವು. ವರ್ಷ ತುಂಬುವಷ್ಟರಲ್ಲಿ ಆ ಶಕ್ತಿ ಕುಂದಿತ್ತು. ಎಲ್ಲ ನುಡಿಗಳಿಗೂ ತೆರೆದಿದ್ದ ಕಿವಿ ತನ್ನವರ ನುಡಿಗೆಂದು ಅಣಿಯಾಗುವುದೇ ಆ ಕುಂದು. ಪಾರ್ಲೆಯ ಈ ಮಗುವಿನ ಕಿವಿಯಲ್ಲಿ ಳಕಾರ ಭದ್ರವಾಗಿ ನೆಲೆನಿಂತಿತು. ತುಳು, ಕನ್ನಡ, ಮರಾಠಿ, ಗುಜರಾತಿ ನಾಲ್ಕರಲ್ಲಿಯೂ ಅದುಂಟಲ್ಲವೆ!

ವರ್ಷ ತುಂಬಿದ ಮೇಲೆ ಆ ಮಗು ಮಾಡಿದ ಒಂದು ಕೆಲಸ ತೊದಲಿಗಿಂತಲೂ ದೊಡ್ಡದು. ಪಾರ್ಲೆಯ ಪೂರ್ವದಂಚಿನಲ್ಲಿಯೇ ವಿಮಾನನಿಲ್ದಾಣವಿರುವುದರಿಂದ ವಿಮಾನಗಳ ಗರ್ಜನೆ ಅಲ್ಲಿ ದಿನವಿಡೀ ಇದ್ದದ್ದೇ. ಕಿಟಕಿಯಲ್ಲಿ ವಿಮಾನವೊಂದು ಕಂಡಾಗ ಅವಳು ಅದರತ್ತ ಬೆರಳು ಚಾಚಿ, ಒಡನೆಯೇ ತಿರುಗಿ ಅಜ್ಜನ ಮುಖ ನೋಡಿದಳು. ಅವಳಿಗೆ ವಿಮಾನ ಬೇಕಾಗಿರಲಿಲ್ಲ. ತಾನು ಕಂಡದ್ದನ್ನು ಅವರೂ ಕಂಡರೇ ಎಂಬುದಷ್ಟೇ ಬೇಕಾಗಿತ್ತು. ಲೈಪ್‌ಜಿಗಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಚಿಂಪಾಂಜಿಗಳನ್ನೂ ಮಕ್ಕಳನ್ನೂ ಬಹುಕಾಲ ಹೋಲಿಸಿ ನೋಡಿದ ಮೈಕೆಲ್ ಟೊಮಾಸೆಲೊ ಎಂಬ ವಿದ್ವಾಂಸನು, ಬರಿದೆ ಹಂಚಿಕೊಳ್ಳುವುದಕ್ಕಾಗಿ ಬೆರಳು ತೋರಿಸುವ ಈ ಚೇಷ್ಟೆಯನ್ನೇ ಮನುಷ್ಯಭಾಷೆಯ ಬೇರೆಂದು ಎಣಿಸುತ್ತಾನೆ. ವಾನರನು ಬೇಕಾದುದನ್ನು ಕೈಚಾಚಿ ಕೇಳಬಲ್ಲನು. ‘ಅದನ್ನು ನಾವಿಬ್ಬರೂ ನೋಡೋಣ’ ಎನ್ನುವುದು ಮನುಷ್ಯನ ಕೂಸಿನ ವಿಶೇಷ. ನಮ್ಮ ಮೀಮಾಂಸಕರಿಗೂ ಇದರ ಸುಳಿವು ಹತ್ತಿತ್ತು. ಮಗು ಪದದ ಅರ್ಥವನ್ನು ಕೋಶದಿಂದ ಕಲಿಯುವುದಿಲ್ಲ. ಹಸುವನ್ನು ತಾ ಎಂದು ಹಿರಿಯನೊಬ್ಬನು ಇನ್ನೊಬ್ಬನಿಗೆ ಹೇಳಲು, ಅವನು ಹೋಗಿ ತರುವುದನ್ನು ನೋಡಿ ಕಲಿಯುತ್ತದೆ ಎಂದು ಅವರು ಹೇಳಿ, ಇದನ್ನು ವೃದ್ಧವ್ಯವಹಾರವೆಂದು ಕರೆದರು. ಅರ್ಥವು ಹುಟ್ಟುವುದು ಒಬ್ಬನ ತಲೆಯೊಳಗಲ್ಲ, ಇಬ್ಬರ ನಡುವಣ ಬಯಲಿನಲ್ಲಿ. ಹಾಗಿದ್ದರೆ ನಾನು ಮೇಲೆ ಹೇಳಿದ ಸೇತುವೆಯ ಲೆಕ್ಕವನ್ನೂ ಸ್ವಲ್ಪ ತಿದ್ದಬೇಕು: ಅದರ ಒಂದು ತುದಿ ನನ್ನಲ್ಲಿ, ಇನ್ನೊಂದು ತುದಿ ನಿನ್ನಲ್ಲಿ, ಅದರ ಹೆಸರು ‘ನಾವು’.

ಈ ‘ನಾವು’ ಎಂಬ ಪದವನ್ನು ನಾನು ಎಷ್ಟು ಅಜಾಗರೂಕನಾಗಿ ಬಳಸುತ್ತಿದ್ದೆನೆಂಬುದು ತಿಳಿದದ್ದು ಆ ಮನೆಯಲ್ಲಿ. ನಾನು ಧಾರವಾಡದ ಕಡೆಯವನು. ತುಳುವನ್ನು ಅರೆಬರೆಯಾಗಿ ಕೇಳಿ ತಿಳಿಯಬಲ್ಲೆನೇ ಹೊರತು ಆಡಲಾರೆ. ತುಳುವಿನಲ್ಲಿ ನಾವು ಎಂಬುದಕ್ಕೆ ಎರಡು ಪದಗಳುಂಟು. ಕೇಳುವವನನ್ನು ಹೊರಗಿಟ್ಟು ಹೇಳುವುದು ‘ಎಂಕುಳು’, ಅವನನ್ನೂ ಒಳಗೊಂಡು ಹೇಳುವುದು ‘ನಮ’. ಮರಾಠಿಯ ‘ಆಮ್ಹೀ’, ‘ಆಪಣ್’, ಗುಜರಾತಿಯ ‘ಅಮೇ’, ‘ಆಪಣೇ’ ಇವೂ ಇದೇ ಬಗೆಯವು. ದ್ರಾವಿಡದ ಮೂಲದಲ್ಲಿದ್ದ ಈ ಭೇದವನ್ನು ತಮಿಳೂ ತುಳುವೂ ಕಾಪಾಡಿಕೊಂಡುವು, ಆರ್ಯಭಾಷೆಗಳಾದ ಮರಾಠಿ ಗುಜರಾತಿಗಳಲ್ಲಿಯೂ ಅದು ನೆಲೆಸಿತು. ದ್ರಾವಿಡವೇ ಆದ ನಮ್ಮ ಇಂದಿನ ಕನ್ನಡ ಮಾತ್ರ ಅದನ್ನು ಕೈಬಿಟ್ಟು ಎಲ್ಲಕ್ಕೂ ಒಂದೇ ‘ನಾವು’ ಎನ್ನುತ್ತದೆ. ಇದರಿಂದ ಕನ್ನಡಿಗನಿಗೆ ಈ ಭೇದ ತಿಳಿಯದೆಂದಲ್ಲ. ‘ನಾವು ಊಟಕ್ಕೆ ಹೊರಟೆವು’ ಎಂದವನು ನಮ್ಮನ್ನು ಕರೆದನೋ ಬೀಳ್ಕೊಟ್ಟನೋ ಎಂಬುದು ಅವನ ಮುಖ ನೋಡಿದರೆ ತಿಳಿದೀತು. ತುಳುವ ಕೂಸಾದರೋ ಮಾತು ಕಲಿಯುವಾಗಲೇ, ನನ್ನೆದುರಿಗಿರುವವನು ಒಳಗಿನವನೋ ಹೊರಗಿನವನೋ ಎಂಬುದನ್ನು ಪ್ರತಿಸಲವೂ ತೀರ್ಮಾನಿಸಲೇಬೇಕು.

ಇಲ್ಲಿ ಧರ್ಮಶಾಸ್ತ್ರಜ್ಞರು ಯೋಚಿಸತಕ್ಕ ಸೂಕ್ಷ್ಮವೊಂದಿದೆ. ತುಳುವನು ದೇವರಲ್ಲಿ ‘ನಮ್ಮನ್ನು ಕಾಪಾಡು’ ಎಂದು ಬೇಡುವಾಗ ಯಾವ ‘ನಾವು’ ಬರಬೇಕು? ‘ಎಂಕುಳು’ ಎಂಬುದರ ರೂಪವೇ ಬರಬೇಕು. ‘ನಮ’ ಎಂದರೆ ಕಾಪಾಡುವವನೂ ಕಾಪಾಡಲ್ಪಡುವವರ ಸಾಲಿನಲ್ಲಿ ಬಂದು ನಿಂತಂತಾಗುತ್ತದೆ. ಸಾಂತಾಕ್ರೂಜಿನ ಪೇಜಾವರ ಮಠಕ್ಕೆ ನಡೆದುಕೊಳ್ಳುವ ಈ ಮಾಧ್ವ ಕುಟುಂಬಕ್ಕೆ ವ್ಯಾಕರಣವೇ ಜೀವೇಶ್ವರಭೇದವನ್ನು ಕಲಿಸಿಕೊಟ್ಟಿತೆಂದು ತಮಾಷೆಗೆ ಹೇಳಬಹುದು. ಆದರೆ ವ್ಯಾಕರಣದಿಂದ ಸಿದ್ಧಾಂತವನ್ನು ಹಿಂಡುವ ಆತುರ ಸಲ್ಲದು. ಅದ್ವೈತದ ಮಠಗಳಲ್ಲಿಯೂ ಸ್ತೋತ್ರಗಳಿಗೆ ಬರವಿಲ್ಲ. ಎರಡಿಲ್ಲವೆಂದು ನಂಬಿದವನು ಕೂಡ ಬೇಡುವಾಗ ಎದುರಿಗೆ ಒಬ್ಬನನ್ನು ಇಟ್ಟುಕೊಂಡೇ ಬೇಡುತ್ತಾನೆ. ಮಾತೆಂದರೆ ಎದುರುಮುಖ, ಎದುರಿಗೆ ಯಾರೂ ಇಲ್ಲದೆ ಪ್ರಾರ್ಥನೆಯೂ ಇಲ್ಲ, ಹಾಲಿನ ಲೆಕ್ಕವನ್ನು ಕುರಿತ ಜಗಳವೂ ಇಲ್ಲ.

ಅದೇ ರೀತಿಯಲ್ಲಿ, ಮಾತು ದೇವರು ಕೊಟ್ಟದ್ದೋ ಪ್ರಕೃತಿ ಬೆಳಸಿದ್ದೋ ಎಂಬ ಹಳೆಯ ವ್ಯಾಜ್ಯವೂ ನನಗೆ ಈಗ ಮೊದಲಿನಷ್ಟು ತೀಕ್ಷ್ಣವಾಗಿ ಕಾಣುವುದಿಲ್ಲ. ಈ ಪದಕ್ಕೆ ಈ ಅರ್ಥವೆಂಬ ಸಂಕೇತವನ್ನು ಈಶ್ವರನು ಇಟ್ಟನೆಂದು ಪ್ರಾಚೀನ ನೈಯಾಯಿಕರು ಹೇಳಿದರು. ಆ ಸಂಬಂಧವನ್ನು ಯಾರೂ ಮಾಡಿದುದಲ್ಲ, ಅದು ಅಪೌರುಷೇಯವೆಂದು ಮೀಮಾಂಸಕರು ಹೇಳಿದರು. ಸಾವಿರಾರು ತಲೆಮಾರುಗಳು ಬುದ್ಧಿಪೂರ್ವಕವಲ್ಲದೆ ಕಟ್ಟಿದ ಈ ವ್ಯವಸ್ಥೆಗೆ ಕರ್ತೃವೆಂಬ ಒಬ್ಬ ಪುರುಷನಿಲ್ಲವೆಂದು ವಿಕಾಸವಾದಿಯೂ ಹೇಳುತ್ತಾನಾದುದರಿಂದ, ನಿತ್ಯತ್ವದ ವಿಷಯವನ್ನು ಬದಿಗಿಟ್ಟರೆ ಅವನು ತನಗರಿವಿಲ್ಲದೆಯೇ ಮೀಮಾಂಸಕರ ಪಂಕ್ತಿಯಲ್ಲಿ ಕುಳಿತಿದ್ದಾನೆ. ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ ಎಂಬ ಭಾಷಾಶಾಸ್ತ್ರಜ್ಞರು 1971ರಲ್ಲಿ ಬರೆದ ಲೇಖನ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಜೈನರೂ ಲಿಂಗಾಯತರೂ ಕನ್ನಡ, ಮುಸಲ್ಮಾನರು ಉರ್ದು, ಇನ್ನು ಕೆಲವರು ಮರಾಠಿ ಆಡುತ್ತ ಶತಮಾನಗಳಿಂದ ಒಟ್ಟಿಗೆ ಬಾಳಿದ್ದಾರೆ. ಪದಗಳು ಬೇರೆಬೇರೆಯಾಗಿಯೇ ಉಳಿದುವು, ವಾಕ್ಯದ ಕಟ್ಟು ಮಾತ್ರ ಎಲ್ಲರಲ್ಲಿಯೂ ಒಂದಾಗಿ, ಒಂದು ನುಡಿಯ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದು ನುಡಿಗೆ ತಿರುಗಿಸಬಹುದಾಯಿತು. ಯಾರೂ ಸಭೆ ಸೇರಿ ಇದನ್ನು ನಿರ್ಣಯಿಸಲಿಲ್ಲ. ಮನೆಯ ‘ಎಂಕುಳು’ ಪದದಲ್ಲಿ ಉಳಿಯಿತು, ಊರಿನ ‘ನಮ’ ವಾಕ್ಯದಲ್ಲಿ ಬೆಳೆಯಿತು ಎಂದು ನಾನು ಅದನ್ನು ನನ್ನ ನೆರೆಮನೆಯ ಪರಿಭಾಷೆಯಲ್ಲಿ ಹೇಳಿಕೊಳ್ಳುತ್ತೇನೆ.

ತಿಂಗಳುಗಳು ಕಳೆದುವು. ಹಲವು ನುಡಿಗಳನ್ನು ಬಲ್ಲ ರೋಗಿಗೆ ಮೊದಲು ಮರಳುವುದು ತಾಯ್ನುಡಿಯೆಂದು ರಿಬೋ ಎಂಬ ಫ್ರೆಂಚ್ ಪಂಡಿತನೂ, ಅಲ್ಲ, ಹೆಚ್ಚು ಬಳಸಿದ ನುಡಿಯೆಂದು ಪಿತ್ರ್ ಎಂಬ ಇನ್ನೊಬ್ಬನೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೇಳಿಹೋಗಿದ್ದಾರೆ. ರೋಗಿಗಳು ಇಬ್ಬರ ನಿಯಮಕ್ಕೂ ಸಂಪೂರ್ಣವಾಗಿ ಕಟ್ಟುಬೀಳುವುದಿಲ್ಲ. ನಮ್ಮ ವೃದ್ಧರಿಗೆ ಮೊದಲು ಮರಳಿದ ಪದ ತುಳುವಲ್ಲ, ಕನ್ನಡವಲ್ಲ. ಒಂದು ಬೆಳಗ್ಗೆ ನಾನು ಒಳಗೆ ಕಾಲಿಟ್ಟಾಗ ಅವರು ಕುರ್ಚಿಯತ್ತ ಎಡಗೈ ತೋರಿ ‘ಬಸಾ’ ಎಂದರು. ಕುಳಿತುಕೊಳ್ಳಿ ಎಂಬ ಆ ಮರಾಠಿಯ ಎರಡಕ್ಷರವನ್ನು ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಗಿರಾಕಿಗಳಿಗೆ ಅವರು ಎಷ್ಟು ಸಾವಿರ ಸಲ ಹೇಳಿದ್ದರೋ! ಅದು ಸ್ತೋತ್ರದಂತೆ ಕಂಠಸ್ಥವಾದುದೇ ಎಂದು ಜ್ಯಾಕ್ಸನ್ ಆಕ್ಷೇಪಿಸಬಹುದು. ಆದರೆ ಅದನ್ನು ಹೇಳಲು ಅವರು ಮನುಷ್ಯನೊಬ್ಬನು ಬರುವವರೆಗೆ ಕಾದಿದ್ದರು.

ಅಂದಮೇಲೆ ಮೊದಲ ದಿನದ ಆ ಸಂಜೆಯನ್ನು ನಾನು ಬೇರೊಂದು ಬಗೆಯಿಂದ ನೆನೆಯತೊಡಗಿದೆನು. ಸೊಸೆ ಕಾಯಿಲೆಯ ವೃತ್ತಾಂತವನ್ನು ಹೇಳುತ್ತಿದ್ದಾಗ ಅವಳ ಮಾತಿನಲ್ಲೆಲ್ಲ ‘ಎಂಕುಳು’ ಇತ್ತು: ನಾವು ಆಸ್ಪತ್ರೆಗೆ ಓಡಿದೆವು, ನಾವು ರಾತ್ರಿಯೆಲ್ಲ ಕುಳಿತೆವು. ಅದರಲ್ಲಿ ನನ್ನ ಪಾಲು ಇರಲಿಲ್ಲ, ಇರಲೂ ಕೂಡದು. ದೀಪ ಹಚ್ಚಿ ತಿರುಗಿದವಳು, ಈಗ ನಾವು ಸ್ತೋತ್ರ ಹೇಳೋಣ ಎಂದಾಗ ಅವಳು ಬಳಸಿದುದು ‘ನಮ’. ಆ ಪದದ ಬಾಗಿಲಿನಿಂದ ನಾನು ಒಳಗೆ ಬಂದೆ, ತೊದಲುವ ಮೊಮ್ಮಗಳು ಬಂದಳು, ಮಂಚದ ಮೇಲಿನ ಕಂಠವೂ ಬಂದಿತು. ಆ ಕಂಠ ಎರಡನೆಯ ಶ್ಲೋಕದಲ್ಲಿ ಸೇರಿತೇ ಹೊರತು ತಾನಾಗಿ ಮೊದಲನೆಯದನ್ನು ತೊಡಗಲಿಲ್ಲವೆಂಬುದನ್ನು ನಾನು ಅಂದು ಗಮನಿಸಿರಲಿಲ್ಲ. ಶ್ಲೋಕದ ಅರ್ಥ ಅವರ ಮಿದುಳಿನಲ್ಲಿ ಅಂದು ಬೆಳಗಿತೋ ಇಲ್ಲವೋ ನಾನು ಹೇಳಲಾರೆ. ನನಗೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಿಳಿದಿರಲಿಲ್ಲ, ಮಗುವಿಗಂತೂ ಏನೂ ಇಲ್ಲ. ಕೌತ್ಸನೂ ಸ್ಟಾಲನೂ ಹೇಳುವಂತೆ ಮಂತ್ರಕ್ಕೆ ಅರ್ಥವಿಲ್ಲದಿದ್ದರೆ ಇಲ್ಲದಿರಲಿ, ಅದಕ್ಕೆ ಜೊತೆಯಿತ್ತು. ಹಕ್ಕಿಯ ಹಾಡಿನಂತೆ ಅದು ಮಾತಿಗಿಂತ ಹಳೆಯದಾದರೆ, ಮಾತಿಗೆ ಮೊದಲು ಕೂಡ ನಮ್ಮವರು ದೀಪವನ್ನೋ ಬೆಂಕಿಯನ್ನೋ ಸುತ್ತುವರಿದು, ಹೇಳಲು ಏನೂ ಇಲ್ಲದೆ, ಒಟ್ಟಿಗೆ ಹೇಳುತ್ತಿದ್ದರೆಂದು ತಿಳಿಯಬೇಕು. ಸ್ತೋತ್ರ ಮುಗಿದಮೇಲೆ ಸೊಸೆ ಕೇಳದೆಯೇ ನೀರು ತಂದಳು, ಅವರು ಕುಡಿದರು.